ಆಪಾ, ದೀದೀ, ಅಕ್ಕೋರು

ಮಕ್ಕಳು ತಮಗೆ ಕಲಿಸುವವರನ್ನು ಏನೆಂದು ಕೂಗುತ್ತಾರೆ ಎಂದು ಕಿವಿಗೊಟ್ಟು ಕೇಳಿದರೆ ಆ ಶಾಲೆಯ ಸಮಾಚಾರ ಅರ್ಧ ತಿಳಿದಂತೆ. ಧಾರವಾಡದ ಕಡೆ ಹೆಂಗಸರಾದರೆ ಅಕ್ಕೋರು, ಬಾಯೋರು. ಗಂಡಸರಾದರೆ ಸರ, ಮಾಸ್ತರ, ಹಳಬರ ಬಾಯಲ್ಲಿ ಗುರುಗಳು. ಮೈಸೂರು ಸೀಮೆಯಲ್ಲಿ ಮೇಷ್ಟ್ರು, ಮಿಸ್ಸು. ಕರಾವಳಿಯಲ್ಲಿ ಮಾಷ್ಟ್ರು, ಟೀಚರ್. ದೆಹಲಿಯ ಸರ್ಕಾರಿ ಶಾಲೆಗೆ ಹೋದರೆ ಸರ್‌ಜೀ, ಮ್ಯಾಡಮ್‌ಜೀ. ಈಚೆಗೆ ಎಲ್ಲೆಲ್ಲೂ ಮ್ಯಾಮ್. ಅದೇ ಶಾಲೆಯ ಯಾವುದೋ ಒಂದು ಕೋಣೆಯಿಂದ ಮಾತ್ರ ‘ದೀದೀ, ದೀದೀ’, ‘ಭೈಯಾ, ಮೇರಾ ಹೋ ಗಯಾ’ ಎಂಬ ಗಲಾಟೆ ಕೇಳಿಬರುತ್ತಿದ್ದರೆ, ಒಳಗಿರುವುದು ಕಾಲೇಜು ಬಿಟ್ಟು ಒಂದೆರಡು ವರ್ಷವಾಗಿರುವ ಹುಡುಗನೋ ಹುಡುಗಿಯೋ ಎಂದು ಧೈರ್ಯವಾಗಿ ಹೇಳಬಹುದು. ಎಂಜಿನಿಯರಿಂಗೋ ಅರ್ಥಶಾಸ್ತ್ರವೋ ಓದಿ, ಎರಡು ವರ್ಷದ ಮಟ್ಟಿಗೆ ಬಡವರ ಮಕ್ಕಳಿಗೆ ಪಾಠ ಹೇಳುತ್ತೇನೆಂದು ಒಪ್ಪಿ ಬಂದ ‘ಟೀಚ್ ಫಾರ್ ಇಂಡಿಯಾ’ದ ಫೆಲೋ ಅವರು.

ದೆಹಲಿಯಲ್ಲಿ ಭೈಯಾ ಎನ್ನುವುದು ದೊಡ್ಡ ಗೌರವವೇನಲ್ಲ. ತರಕಾರಿ ಗಾಡಿಯವನು ಭೈಯಾ, ಆಟೋದವನು ಭೈಯಾ, ಗೋಲ್‌ಗಪ್ಪಾ ಕೊಡುವವನೂ ಭೈಯಾ. (ಮುಂಬಯಿಗೆ ಹೋದರೆ ಅದೇ ಶಬ್ದ ಉತ್ತರದವರನ್ನು ಹಂಗಿಸುವುದಕ್ಕೆ ಬಳಕೆಯಾಗುತ್ತದೆ.) ಹೀಗಿರುವಾಗ ಕಲಿಸುವವನನ್ನು ಭೈಯಾ ಎಂದು ಕರೆಯುವುದೆಂದರೆ ಗುರುವನ್ನು ಪೀಠದಿಂದ ಇಳಿಸಿ ಪಕ್ಕದ ಬೆಂಚಿಗೆ ಕೂರಿಸಿದ ಹಾಗೆ. ಇದು ಬೇಕೆಂದೇ ಮಾಡಿದ್ದು. ಸೀಲಂಪುರದಲ್ಲೋ ಸಂಗಮ್ ವಿಹಾರದಲ್ಲೋ ಒಂದೇ ಕೋಣೆಯ ಮನೆಯಲ್ಲಿ ಬೆಳೆಯುವ ಮಗುವಿಗೆ ಸರ್ ಎಂದರೆ ಅಧಿಕಾರ, ಕೆಲವೊಮ್ಮೆ ಕೋಲು. ಅಣ್ಣ ಎಂದರೆ ಕೇಳಿದ್ದನ್ನೇ ಎರಡು ಸಲ ಕೇಳಬಹುದು.

ಈ ಹುಡುಗ ಹುಡುಗಿಯರು ಯಾಕೆ ಬರುತ್ತಾರೆ ಎಂಬ ಪ್ರಶ್ನೆಗೆ ಪತ್ರಿಕೆಗಳು ಸಾಮಾನ್ಯವಾಗಿ ಕೊಡುವ ಉತ್ತರ ‘ತ್ಯಾಗ’. ಲಕ್ಷದ ಸಂಬಳ ಬಿಟ್ಟು ಕೊಳೆಗೇರಿಗೆ ಬಂದ ಯುವತಿ, ಇತ್ಯಾದಿ. ನನಗೆ ಈ ಉತ್ತರ ಒಪ್ಪಿಗೆಯಿಲ್ಲ. ಆ ಯುವತಿಯ ಮನೆಯಲ್ಲಿ ನಿಜವಾಗಿ ನಡೆಯುವ ಮಾತುಕತೆಯನ್ನೇ ನೋಡಿ. ಅದು ನೋಯಿಡಾದ ಫ್ಲ್ಯಾಟ್ ಆಗಿರಲಿ, ಬೆಂಗಳೂರಿನ ರಾಜಾಜಿನಗರವಾಗಿರಲಿ, ಮಾತು ಒಂದೇ. ‘ಬಿ.ಇ. ಮಾಡಿ ಮೇಷ್ಟ್ರ ಕೆಲಸವಾ?’ ಎಂದು ಅಪ್ಪ. ‘ಜನ ಏನಂತಾರೆ’ ಎಂದು ಅಮ್ಮ. ಕನ್ನಡದಲ್ಲಿ ಬಡಮೇಷ್ಟ್ರು ಎಂಬುದು ಒಂದೇ ಪದವಾಗಿಬಿಟ್ಟಿದೆ. ಬಡತನವನ್ನು ಬಿಡಿಸಿ ಹೇಳಬೇಕಾದ ಅಗತ್ಯವೇ ನಮಗೆ ಕಂಡಿಲ್ಲ. ಕೊನೆಗೆ ರಾಜಿ ಆಗುವುದು ಒಂದು ಮಾತಿನಿಂದ: ‘ಎರಡೇ ವರ್ಷ ತಾನೆ? ಆಮೇಲೆ ಎಂ.ಬಿ.ಎ. ಮಾಡಬೇಕು.’

ಇದನ್ನು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಅಯ್ಯಪ್ಪನ ಮಾಲೆ. ನಮ್ಮೂರಿನಲ್ಲಿ ವರ್ಷವಿಡೀ ಹೇಗೆ ಹೇಗೋ ಇರುವ ಗಂಡಸು ಮಾಲೆ ಹಾಕಿದ ದಿನದಿಂದ ಬರಿಗಾಲಲ್ಲಿ ನಡೆಯುತ್ತಾನೆ, ನೆಲದ ಮೇಲೆ ಮಲಗುತ್ತಾನೆ, ಎಲ್ಲರನ್ನೂ ಸ್ವಾಮಿ ಎನ್ನುತ್ತಾನೆ. ಮನೆಯವರು ಅಡ್ಡಿ ಮಾಡುವುದಿಲ್ಲ, ನೆರವಾಗುತ್ತಾರೆ. ಯಾಕೆಂದರೆ ಅದಕ್ಕೊಂದು ಕೊನೆಯ ದಿನವಿದೆ. ಅದೇ ಗಂಡಸು ಸನ್ಯಾಸಿಯಾಗುತ್ತೇನೆಂದರೆ ಮನೆ ಬಾಗಿಲಿಗೆ ಅಡ್ಡ ಮಲಗುತ್ತಾರೆ. ನಮ್ಮ ಸಮಾಜ ಸನ್ಯಾಸವನ್ನು ದೂರದಿಂದ ಕೈಮುಗಿದು ಬಿಟ್ಟುಬಿಡುತ್ತದೆ. ವ್ರತವನ್ನು ಮಾತ್ರ ಮನೆಯೊಳಗೆ ಬಿಟ್ಟುಕೊಳ್ಳುತ್ತದೆ. ಎರಡು ವರ್ಷದ ಫೆಲೋಶಿಪ್ಪು ಇಲ್ಲಿ ಬೇರೂರಿದ್ದು ಅದು ವ್ರತದ ಅಚ್ಚಿಗೆ ಸರಿಯಾಗಿ ಹೊಂದಿಕೊಂಡದ್ದರಿಂದ ಎಂದು ನನ್ನ ಅಂದಾಜು.

ಅದರ ತವರು ಮಾತ್ರ ಬೇರೆ. ವೆಂಡಿ ಕಾಪ್ ಎಂಬ ಅಮೆರಿಕದ ವಿದ್ಯಾರ್ಥಿನಿ 1989ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಬರೆದ ಪದವಿ ಪ್ರಬಂಧದಲ್ಲಿ ಈ ಯೋಜನೆಯಿತ್ತು. ಮರುವರ್ಷವೇ ‘ಟೀಚ್ ಫಾರ್ ಅಮೆರಿಕ’ ಶುರುವಾಯಿತು. ಮುಂಬಯಿಯಲ್ಲಿ ಅದಾಗಲೇ ಆಕಾಂಕ್ಷಾ ಸಂಸ್ಥೆಯನ್ನು ಕಟ್ಟಿದ್ದ ಶಾಹೀನ್ ಮಿಸ್ತ್ರಿ ಅದನ್ನು ಇಲ್ಲಿಗೆ ತಂದರು. 2009ರಲ್ಲಿ ಮೊದಲ ತಂಡ ಮುಂಬಯಿ, ಪುಣೆಯ ತರಗತಿಗಳಿಗೆ ಹೋಯಿತು, ಮುಂದೆ ದೆಹಲಿಗೂ ಬೆಂಗಳೂರಿಗೂ ಬಂತು. ಅಮೆರಿಕದಲ್ಲಿ ಅದರ ಮೂಲಮಂತ್ರ ನಾಯಕತ್ವ, ಸಮಾನ ಅವಕಾಶ. ಇಲ್ಲಿ ಅದೇ ಕೆಲಸವನ್ನು ಹುಡುಗರು ಮನೆಯಲ್ಲಿ ವಿವರಿಸುವಾಗ ಸೇವೆ ಎನ್ನುತ್ತಾರೆ, ಋಣ ಎನ್ನುತ್ತಾರೆ. ‘ನಾನು ಒಳ್ಳೆ ಶಾಲೆಯಲ್ಲಿ ಓದಿದೆ, ಅದನ್ನು ತೀರಿಸಬೇಕು.’ ಋಣ ಎಂಬುದು ಹಳೆಯ ಲೆಕ್ಕ: ದೇವರಿಗೊಂದು, ಹಿರಿಯರಿಗೊಂದು, ಕಲಿಸಿದವರಿಗೊಂದು. ಕಲಿಸಿದವರ ಸಾಲವನ್ನು ಅವರಿಗೇ ಹಿಂತಿರುಗಿಸಲಾಗದು, ಇನ್ನೊಬ್ಬರಿಗೆ ಕಲಿಸಿಯೇ ತೀರಿಸಬೇಕು. ಹೊಸ ಹುಡುಗರಿಗೆ ಈ ಪಾಠವನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಾರರು. ಆದರೂ ಅವರ ಬಾಯಲ್ಲಿ ಬರುವುದು ಅದೇ.

ವ್ರತಕ್ಕೆ ಒಂದು ತೊಡಕಿದೆ. ಅದರ ಫಲ ಆಚರಿಸಿದವರಿಗೆ. ಎರಡು ವರ್ಷದ ಕೊನೆಗೆ ದೀದೀಗೆ ಜಗತ್ತು ಕಂಡಿರುತ್ತದೆ, ಧೈರ್ಯ ಬಂದಿರುತ್ತದೆ, ಬಯೋಡೇಟಾದಲ್ಲಿ ಒಂದು ಒಳ್ಳೆಯ ಸಾಲೂ ಸೇರಿರುತ್ತದೆ. ಮೂರನೆಯ ತರಗತಿಯಲ್ಲಿ ಅವಳಿಗೆ ಅಂಟಿಕೊಂಡಿದ್ದ ಮಗು ಐದಕ್ಕೆ ಬಂದಾಗ ಬಾಗಿಲಲ್ಲಿ ಇನ್ನೊಬ್ಬ ದೀದೀ ನಿಂತಿರುತ್ತಾಳೆ, ಇಲ್ಲವೇ ಯಾರೂ ಇರುವುದಿಲ್ಲ. ಹೋದವರೆಲ್ಲ ಮರೆತುಬಿಟ್ಟರು ಎಂದು ಹೇಳಿದರೆ ಅನ್ಯಾಯವಾದೀತು. ಶಿಕ್ಷಣದಲ್ಲೇ ಉಳಿದು ಸಂಸ್ಥೆ ಕಟ್ಟಿದವರು, ಸರ್ಕಾರಗಳ ಜೊತೆ ಕೆಲಸ ಮಾಡಿದವರು ಇದ್ದಾರೆ. ಆದರೂ ಮಗುವಿನ ಲೆಕ್ಕದಲ್ಲಿ ದೀದೀ ಹೋದಳು.

ಉಳಿದವರ ಕಥೆ ಬೇಕೆಂದರೆ ದೆಹಲಿಯಲ್ಲೇ ಹುಡುಕಬಹುದು. ಓಖ್ಲಾದ ಜಾಮಿಯಾಕ್ಕೆ ಹೋಗಬೇಕು.

ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ 1920ರ ಅಕ್ಟೋಬರ್‌ನಲ್ಲಿ ಅಲಿಗಢದಲ್ಲಿ ಹುಟ್ಟಿದ್ದು ಅಸಹಕಾರ ಚಳವಳಿಯ ಕಾವಿನಲ್ಲಿ. ಬ್ರಿಟಿಷ್ ಸರ್ಕಾರದ ದುಡ್ಡು ಬೇಡ, ಮಾನ್ಯತೆಯೂ ಬೇಡ ಎಂದು ಹೊರಬಂದವರ ವಿದ್ಯಾಲಯ. ಕಾವು ಆರಿದ ಮೇಲೆ ದೇಣಿಗೆಯೂ ಆರಿತು. 1925ರಲ್ಲಿ ದೆಹಲಿಯ ಕರೋಲ್‌ಬಾಗ್‌ಗೆ ಬಂತು. ಮುಚ್ಚಿಬಿಡೋಣವೇ ಎಂದು ಹಿರಿಯರು ಯೋಚಿಸುತ್ತಿದ್ದಾಗ ಬರ್ಲಿನ್ನಿನಲ್ಲಿ ಓದುತ್ತಿದ್ದ ಮೂವರು ಗೆಳೆಯರು ನಾವು ಬರುತ್ತೇವೆ, ಮುಚ್ಚಬೇಡಿ ಎಂದರು. ಜಾಕಿರ್ ಹುಸೇನ್, ಆಬಿದ್ ಹುಸೇನ್, ಮೊಹಮ್ಮದ್ ಮುಜೀಬ್. 1926ರಲ್ಲಿ ಅವರು ಬಂದಾಗ ಜಾಕಿರ್ ಹುಸೇನರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಕುಲಪತಿಯ ಕುರ್ಚಿ ಅವರಿಗೇ ಬಂತು. ಕುರ್ಚಿ ಎಂಬುದು ಮಾತಿಗೆ. ಮರುವರ್ಷದ ಕೊನೆಗೆ, ಸಂಸ್ಥೆಯ ಖರ್ಚನ್ನು ಬಹುಮಟ್ಟಿಗೆ ಹೊತ್ತಿದ್ದ ಹಕೀಂ ಅಜ್ಮಲ್ ಖಾನರು ತೀರಿಕೊಂಡರು. ಕೈಯಲ್ಲಿ ಕಾಸಿಲ್ಲ, ಕೊಡುವ ಪದವಿಗೆ ಸರ್ಕಾರದ ಬೆಲೆಯಿಲ್ಲ.

ಆಗ ಅಲ್ಲಿನ ಶಿಕ್ಷಕರು ಮಾಡಿದ ಕೆಲಸವನ್ನು ನಮ್ಮ ಶಿಕ್ಷಕರ ದಿನದ ಭಾಷಣಗಳಲ್ಲಿ ನಾನು ಒಂದು ಸಲವೂ ಕೇಳಿಲ್ಲ. 1928ರಲ್ಲಿ ಒಂದು ಗುಂಪು ಸೇರಿ ಅಂಜುಮನ್ ಎಂಬ ಸಂಘ ಕಟ್ಟಿಕೊಂಡಿತು. ಇಪ್ಪತ್ತು ವರ್ಷ ಈ ಸಂಸ್ಥೆಯನ್ನು ಬಿಟ್ಟು ಹೋಗುವುದಿಲ್ಲ, ತಿಂಗಳಿಗೆ 150 ರೂಪಾಯಿ ಮೀರಿ ಸಂಬಳ ತೆಗೆದುಕೊಳ್ಳುವುದಿಲ್ಲ ಎಂದು ಒಬ್ಬರಿಗೊಬ್ಬರು ಮಾತು ಕೊಟ್ಟರು. ಆ 150 ಕೂಡ ಮೇಲ್ಮಿತಿ ಮಾತ್ರ. ಕೈಗೆ ಬರುತ್ತಿದ್ದದ್ದು ಅದಕ್ಕಿಂತ ಕಡಿಮೆ, ಅದೂ ತಡವಾಗಿ. ಜಾಕಿರ್ ಹುಸೇನರು ಜಾಮಿಯಾದ ಕುಲಪತಿ ಸ್ಥಾನ ಬಿಟ್ಟದ್ದು 1948ರಲ್ಲಿ. ಕೂಡಿಸಿ ನೋಡಿ, ಇಪ್ಪತ್ತು ವರ್ಷ. ಅವರ ನಂತರ ಆ ಜಾಗಕ್ಕೆ ಬಂದ ಮುಜೀಬ್ 1973ರವರೆಗೂ ಅಲ್ಲೇ ಇದ್ದರು.

ಈ ಪ್ರಸಂಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಸಂಬಳದ ಅಂಕಿಯಲ್ಲ, ‘ಒಬ್ಬರಿಗೊಬ್ಬರು’ ಎಂಬ ಮಾತು. ಯಾರೂ ಒಂಟಿಯಾಗಿ ತ್ಯಾಗಿಯಾಗಲಿಲ್ಲ. ಒಬ್ಬನಿಗೆ ಬೇಸರ ಬಂದು ಪೆಟ್ಟಿಗೆ ಕಟ್ಟಿದರೆ ಎದುರು ಮನೆಯ ಸಹೋದ್ಯೋಗಿಗೆ ಮುಖ ತೋರಿಸಬೇಕಲ್ಲ? ಮಾತಿನ ಹಗ್ಗ ಇದು. ನಮಗೆ ಇದು ಹೊಸದಲ್ಲ. ಕನ್ನಡದ ಮಕ್ಕಳು ಶಾಲೆಯಲ್ಲಿ ಮೊದಲ ಬಾರಿಗೆ ಅತ್ತದ್ದು ಪುಣ್ಯಕೋಟಿಯ ಕಥೆಗೆ. ಆ ಹಸುವನ್ನು ನಾವು ಸಲೀಸಾಗಿ ತ್ಯಾಗದ ಮೂರ್ತಿ ಮಾಡಿಬಿಟ್ಟಿದ್ದೇವೆ. ಕಥೆಯನ್ನು ಗಮನವಿಟ್ಟು ಓದಿದರೆ ಹಸು ಸಾಯಲು ಹೊರಟದ್ದಲ್ಲ, ಕೊಟ್ಟ ಮಾತಿಗೆ ಹಿಂದಿರುಗಿದ್ದು. ಹೋಗುವ ಮುನ್ನ ಕರುವನ್ನು ಉಳಿದವರ ಕೈಗೆ ಒಪ್ಪಿಸಿಯೂ ಹೋಯಿತು. (ಕಥೆಯಲ್ಲಿ ಹುಲಿಗೆ ನಾಚಿಕೆಯಾಗುತ್ತದೆ. ಶಿಕ್ಷಣ ಇಲಾಖೆಗಳಿಗೆ ಆ ಅಭ್ಯಾಸವಿಲ್ಲ.)

ಜಾಮಿಯಾದವರು ಓಖ್ಲಾದಲ್ಲಿ ಸ್ವಂತ ಕಟ್ಟಡಕ್ಕೆ ಕೈಹಾಕಿದ್ದು 1935ರ ಮಾರ್ಚ್ 1ರಂದು. ಅಡಿಗಲ್ಲು ಇಡಲು ಗಣ್ಯರನ್ನು ಕರೆಯಲಿಲ್ಲ. ಶಾಲೆಯ ಅತಿ ಚಿಕ್ಕ ಹುಡುಗನ ಕೈಯಲ್ಲಿ ಇಡಿಸಿದರು. ಕೊಳಕು ಬೂಟು ಹಾಕಿಕೊಂಡು ಬರುತ್ತಿದ್ದ ಹುಡುಗರಿಗೆ ಬುದ್ಧಿ ಹೇಳಿ ಸಾಕಾದ ಜಾಕಿರ್ ಸಾಹೇಬರು ಒಂದು ದಿನ ಬ್ರಷ್ಷು, ಪಾಲಿಶ್ ಡಬ್ಬಿ ಹಿಡಿದು ಗೇಟಿನ ಬಳಿ ತಾವೇ ಕುಳಿತರು ಎಂಬ ಕಥೆ ಈಗಲೂ ಚಾಲ್ತಿಯಲ್ಲಿದೆ. ಮುಂದೆ 1967ರಲ್ಲಿ ಈ ದೇಶದ ರಾಷ್ಟ್ರಪತಿಯಾದದ್ದು ಇದೇ ಮನುಷ್ಯ.

ಅವರ ಬರ್ಲಿನ್ ಗೆಳೆಯರ ಬಳಗದಲ್ಲಿ ಗೆರ್ಡಾ ಫಿಲಿಪ್ಸ್‌ಬಾರ್ನ್ ಎಂಬ ಯಹೂದಿ ಹೆಣ್ಣುಮಗಳಿದ್ದಳು. ನೀನು ಬರುವುದು ಬೇಡ, ಇಲ್ಲಿ ಬಹಳ ಕಷ್ಟ ಎಂದು ಜಾಕಿರ್ ಹುಸೇನರು ತಡೆದರೂ ಕೇಳದೆ ಮೂವತ್ತರ ದಶಕದ ಆರಂಭದಲ್ಲಿ ದೆಹಲಿಗೆ ಬಂದುಬಿಟ್ಟಳು. ಜಾಮಿಯಾದ ಚಿಕ್ಕ ಮಕ್ಕಳ ಶಾಲೆ, ಹಾಸ್ಟೆಲ್ಲು ಅವಳ ಪಾಲಿಗೆ ಬಂದವು. ಮನೆ ಬಿಟ್ಟು ಬಂದು ರಾತ್ರಿ ಅಳುವ ಮಕ್ಕಳಿಗೆ ಉರ್ದು ಸರಿಯಾಗಿ ಬಾರದ ಈ ಹೆಂಗಸೇ ಆಸರೆ. ಮಕ್ಕಳು ಅವಳನ್ನು ಮೇಡಂ ಎನ್ನಲಿಲ್ಲ, ‘ಆಪಾ ಜಾನ್’ ಎಂದರು. ಆಪಾ ಎಂದರೆ ಅಕ್ಕ. ಎರಡನೆಯ ಮಹಾಯುದ್ಧ ಬಂದಾಗ ಬ್ರಿಟಿಷರು ಜರ್ಮನ್ ಪ್ರಜೆಯೆಂದು ಅವಳನ್ನು ಬಂಧನದಲ್ಲಿಟ್ಟರು. ಹಿಟ್ಲರನ ದೇಶದವಳೆಂಬ ಶಂಕೆ, ಹಿಟ್ಲರನೇ ಅಟ್ಟುತ್ತಿದ್ದ ಜನಾಂಗದವಳ ಮೇಲೆ. 1943ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಳು. ಅವಳ ಸಮಾಧಿ ಜಾಮಿಯಾದ ಖಬರಸ್ತಾನದಲ್ಲಿದೆ, ಅಲ್ಲಿನ ಶಿಶುಪಾಲನಾ ಕೇಂದ್ರಕ್ಕೆ ಅವಳದೇ ಹೆಸರು.

ಜಾಮಿಯಾದ ಶಿಕ್ಷಕರು ಮಾತು ಕೊಟ್ಟ ಅದೇ 1928ರಲ್ಲಿ ಇತ್ತ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಕಣ್ಣುಮುಚ್ಚಿದರು. ಉರ್ವ ಚಿಲಿಂಬಿಯಲ್ಲಿ 1892ರಲ್ಲಿ ದಲಿತ ಮಕ್ಕಳಿಗೆಂದು ಶಾಲೆ ತೆರೆದು, ಸ್ವಜಾತಿಯವರಿಂದ ಬಹಿಷ್ಕಾರ ಉಂಡವರು. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಹುದ್ದೆಗೇರಿ ಊರ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು. ಸೇವೆ ಎಂದರೆ ಮೇಲಿನವರು ಕೆಳಗೆ ಬಗ್ಗಿ ಕೊಡುವುದು ಎಂದುಕೊಂಡವರಿಗೆ ಈ ಆಸೆ ಅರ್ಥವಾಗುವುದಿಲ್ಲ. ರಂಗರಾಯರು ಮೊದಲೇ ನೆಲದಲ್ಲಿ ಕುಳಿತುಬಿಟ್ಟಿದ್ದರು.

ಸೇವೆ ಎಂಬ ಪದಕ್ಕೇ ಬರೋಣ. ಅದು ವಿಚಿತ್ರ ಪದ. ದೇವಸ್ಥಾನದಲ್ಲಿ ರಸೀದಿ ಹರಿಸಿ ಮಾಡಿಸುವುದೂ ಸೇವೆ, ಸರ್ಕಾರಿ ನೌಕರನ ‘ಸೇವಾ ಪುಸ್ತಕ’ದಲ್ಲಿ ಇನ್‌ಕ್ರಿಮೆಂಟು ಬರೆಯುವುದೂ ಸೇವೆ. ಒಂದು ಅರ್ಥದಲ್ಲಿ ಕೂಲಿ ಕೇಳಬಾರದು, ಇನ್ನೊಂದರಲ್ಲಿ ಕೂಲಿ ಖಾತ್ರಿ. ಯಾರಿಗೆ ಯಾವ ಅರ್ಥ ಎಂದು ತೀರ್ಮಾನಿಸುವುದು ಮಾತ್ರ ಸಂಬಳ ಕೊಡುವವರು. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ ಅತಿಥಿ ಶಿಕ್ಷಕರು ಎಂಬ ದೊಡ್ಡ ವರ್ಗವಿದೆ, ನಮ್ಮಲ್ಲೂ ಇದೆ. ಅತಿಥಿಯನ್ನು ದೇವರೆನ್ನುವ ದೇಶದಲ್ಲಿ ದೆಹಲಿಯ ಈ ಅತಿಥಿಗಳಿಗೆ ಬಂದ ದಿನಕ್ಕೆ ಇಷ್ಟು ಎಂದು ಲೆಕ್ಕ. ಬೇಸಿಗೆ ರಜೆ ಬಂದರೆ ಅವರ ಒಲೆಗೂ ರಜೆ. ಕರ್ನಾಟಕದಲ್ಲಿ ಅವರಿಗೆ ಕೊಡುವುದನ್ನು ಸಂಬಳ ಎನ್ನದೆ ‘ಗೌರವ ಸಂಭಾವನೆ’ ಎನ್ನುತ್ತೇವೆ. ಪದದಲ್ಲಿ ಗೌರವ ಹೆಚ್ಚಿದಷ್ಟೂ ಲಕೋಟೆ ತೆಳ್ಳಗಾಗುತ್ತದೆ.

2017ರ ಅಕ್ಟೋಬರ್‌ನಲ್ಲಿ ದೆಹಲಿ ವಿಧಾನಸಭೆ ಸುಮಾರು 15 ಸಾವಿರ ಅತಿಥಿ ಶಿಕ್ಷಕರನ್ನು ಖಾಯಂ ಮಾಡುವ ಮಸೂದೆಯನ್ನು ಅಂಗೀಕರಿಸಿತು. ನೇಮಕಾತಿಯಂಥ ‘ಸೇವಾ ವಿಷಯ’ಗಳು ವಿಧಾನಸಭೆಯ ಅಧಿಕಾರಕ್ಕೆ ಬರುವುದಿಲ್ಲ ಎಂಬ ತಕರಾರಿನಲ್ಲಿ ಅದು ಸಿಕ್ಕಿಹಾಕಿಕೊಂಡಿತು. ಸೇವೆ ಯಾರ ಕೈಯಲ್ಲಿರಬೇಕು ಎಂಬ ಆ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2023ರಲ್ಲಿ ತೀರ್ಪು ಬಂದು, ಅದೇ ವರ್ಷ ಸಂಸತ್ತು ಹೊಸ ಕಾಯಿದೆ ಮಾಡಿ ತೀರ್ಪಿನ ಫಲವನ್ನು ತಿರುಗಿಸಿತು. ಈ ನಡುವೆ ತರಗತಿಗೆ ಹೋಗಿ ಹಾಜರಿ ಕೂಗುತ್ತಿದ್ದವರು ಅದೇ ಅತಿಥಿಗಳು.

ಮೌಲ್ಯ ಸಾಲದಿದ್ದ ಕಡೆ ನಿಯಮ ಕೆಲಸ ಮಾಡುತ್ತದೆಯೇ? ಗುರುಗ್ರಾಮದ ಗಾಜಿನ ಕಟ್ಟಡಗಳಿಂದ ದಕ್ಷಿಣಕ್ಕೆ ಕಾರಿನಲ್ಲಿ ಒಂದು ಗಂಟೆ ಹೋದರೆ ನೂಹ್, ಹಳೆಯ ಹೆಸರು ಮೇವಾತ್. ರಾಷ್ಟ್ರ ರಾಜಧಾನಿ ವಲಯದೊಳಗೇ ಇರುವ ಈ ಜಿಲ್ಲೆಯನ್ನು ನೀತಿ ಆಯೋಗ 2018ರಲ್ಲಿ ಹಿಂದುಳಿದ ಜಿಲ್ಲೆಗಳ ತನ್ನ ಪಟ್ಟಿಯ ತಳದಲ್ಲಿಟ್ಟಿತು. ಅಲ್ಲಿಗೆ ನೇಮಕವಾದ ಶಿಕ್ಷಕರು ವರ್ಗಾವಣೆ ಮಾಡಿಸಿಕೊಂಡು ಹೊರಟುಹೋಗುತ್ತಾರೆಂದು ಹರಿಯಾಣ ಸರ್ಕಾರ ‘ಮೇವಾತ್ ಕೇಡರ್’ ಎಂಬ ಪ್ರತ್ಯೇಕ ವೃಂದವನ್ನೇ ಮಾಡಿದೆ. ನಮ್ಮಲ್ಲಿ ಎ, ಬಿ, ಸಿ ವಲಯಗಳು, ಕೌನ್ಸೆಲಿಂಗ್ ಇವೆಯಲ್ಲ, ಹಾಗೆ. ಕಟ್ಟಿಹಾಕಿದರೆ ಶಿಕ್ಷಕರು ಊರಿನಲ್ಲಿ ಇರುತ್ತಾರೆ ನಿಜ. ಆದರೆ ಕಟ್ಟಿದ ಕರುವಿನ ಕಣ್ಣು ಸದಾ ಗೂಟದ ಮೇಲೆ. ಜಾಮಿಯಾದ 1928ರ ಹಗ್ಗಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅಷ್ಟೇ, ಅದನ್ನು ಅವರೇ ಹೊಸೆದುಕೊಂಡಿದ್ದರು.

ದೀದೀ ಭೈಯಾಗಳ ಬಗ್ಗೆ ಇಷ್ಟು ಬರೆಯುವಾಗ, ಯಾರೂ ಬರೆಯದ ಇನ್ನೊಂದು ಗುಂಪನ್ನು ಬಿಟ್ಟರೆ ತಪ್ಪಾಗುತ್ತದೆ. ದೆಹಲಿ ವಿಶ್ವವಿದ್ಯಾಲಯ 1994ರಲ್ಲಿ ಬಿ.ಎಲ್.ಎಡ್. ಎಂಬ ನಾಲ್ಕು ವರ್ಷದ ಪದವಿಯನ್ನು ಹೆಣ್ಣುಮಕ್ಕಳ ಕಾಲೇಜುಗಳಲ್ಲಿ ಆರಂಭಿಸಿತು. ಪ್ರಾಥಮಿಕ ಶಾಲೆಯ ಶಿಕ್ಷಕಿಗೂ ವೈದ್ಯರಿಗಿರುವಂಥ ಗಟ್ಟಿ ತರಬೇತಿ ಬೇಕು ಎಂಬ ನಂಬಿಕೆಯ ಮೇಲೆ ಕಟ್ಟಿದ ಕೋರ್ಸು: ಮಕ್ಕಳ ಸಾಹಿತ್ಯ, ರಂಗಾಭಿನಯ, ಮಗುವಿನ ಮನಸ್ಸಿನ ಅಧ್ಯಯನ, ಕೊನೆಯ ವರ್ಷ ತಿಂಗಳುಗಟ್ಟಲೆ ಶಾಲೆಯಲ್ಲೇ ಕೆಲಸ. ಎಷ್ಟೋ ಮನೆಗಳು ಮಗಳನ್ನು ಇದಕ್ಕೆ ಸೇರಿಸಿದ್ದು ಆದರ್ಶಕ್ಕಲ್ಲ. ‘ಹೆಣ್ಣುಮಕ್ಕಳಿಗೆ ಟೀಚರ್ ಕೆಲಸ ಚೆನ್ನ, ಮಧ್ಯಾಹ್ನ ಮನೆಗೆ ಬರಬಹುದು, ಸಂಬಂಧ ಕುದುರಿಸುವುದೂ ಸುಲಭ’ ಎಂದು. ಇದೂ ಒಂದು ಸಾಂಸ್ಕೃತಿಕ ಮೌಲ್ಯವೇ, ಕೇಳಲು ಸೊಗಸಾಗಿಲ್ಲ ಅಷ್ಟೇ. ಆದರೆ ಆ ಬಾಗಿಲಿನಿಂದ ಒಳಬಂದವರಲ್ಲಿ ಅನೇಕರು ನಗರಪಾಲಿಕೆಯ ಶಾಲೆಗಳಲ್ಲಿ ನಿಂತರು. ಪರೀಕ್ಷೆ ಬರೆದು ಗೆದ್ದು, ಮೆಟ್ರೋ ಹಿಡಿದು, ಅಲ್ಲಿಂದ ಇ-ರಿಕ್ಷಾ ಹತ್ತಿ, ಬವಾನಾದಂಥ ಕಡೆಗೆ ದಿನಾ ಹೋಗಿಬರುವವರು ಇವರ ಪೈಕಿ ಇದ್ದಾರೆ. ಬವಾನಾ ಎಂದರೆ 2004ರಲ್ಲಿ ಯಮುನೆಯ ದಂಡೆಯ ಗುಡಿಸಲುಗಳನ್ನು ಕೆಡವಿದಾಗ ಜನರನ್ನು ತಂದು ಹಾಕಿದ, ನಗರದ ವಾಯವ್ಯದ ಅಂಚಿನ ಜಾಗ. ಮೊದಲ ಪಾಳಿಯಲ್ಲಿ ಹುಡುಗಿಯರು, ಎರಡನೆಯದರಲ್ಲಿ ಹುಡುಗರು ಎಂದು ಒಂದೇ ಕಟ್ಟಡ ಎರಡು ಶಾಲೆಯಾಗುವ ಊರಿದು. ಇವರ ಮೇಲೆ ಫೀಚರ್ ಲೇಖನ ಬರುವುದಿಲ್ಲ, ಯಾಕೆಂದರೆ ಇವರು ಏನನ್ನೂ ‘ಬಿಟ್ಟು’ ಬಂದಿಲ್ಲ. ಪಿಂಚಣಿ, ರಜೆ, ಸಂಬಳ ಎಲ್ಲ ಉಂಟು. ಅದು ಇರುವುದರಿಂದಲೇ ಹತ್ತನೆಯ ವರ್ಷವೂ ಅದೇ ತರಗತಿಯಲ್ಲಿ ಇರುತ್ತಾರೆ ಎಂಬುದನ್ನು ನಾವು ಗಮನಿಸುವುದಿಲ್ಲ. ಆ ಕೋರ್ಸಿನ ಜಾಗಕ್ಕೆ ಹೊಸ ಶಿಕ್ಷಣ ನೀತಿಯ ಸಂಯೋಜಿತ ಪದವಿಯನ್ನು ತರುವ ತೀರ್ಮಾನ 2023ರಲ್ಲಿ ಆಯಿತು, ಅಲ್ಲಿನ ಅಧ್ಯಾಪಕರ ವಿರೋಧದ ನಡುವೆಯೇ.

ಹಾಗಾದರೆ ದೀದೀ ಎರಡು ವರ್ಷಕ್ಕೆಂದು ಬರುವುದು ಬೇಡವೇ? ಬರಲಿ. ಮಾಲೆ ಹಾಕಿದವರಲ್ಲಿ ಕೆಲವರಾದರೂ ಮಾಲೆ ತೆಗೆದ ಮೇಲೂ ಕುಡಿತ ಬಿಟ್ಟದ್ದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ವ್ರತದವರನ್ನು ತೋರಿಸಿ, ಉಳಿದವರ ಸಂಬಳದ ಮಾತನ್ನು ಮರೆಸುವುದು ಮೋಸ. ಎಳೆಯರ ಉತ್ಸಾಹ ದೇಶಕ್ಕೆ ಪುಕ್ಕಟೆ ಸಿಕ್ಕಿದ ಕೂಲಿಯಲ್ಲ. ಜಾಮಿಯಾದ ಶಿಕ್ಷಕರು ತಮ್ಮ ಸಂಬಳಕ್ಕೆ ತಾವೇ ಮಿತಿ ಹಾಕಿಕೊಂಡರು, ಯಾಕೆಂದರೆ ಸಂಸ್ಥೆ ಅವರದಾಗಿತ್ತು. ಅದರ ತೀರ್ಮಾನಗಳೂ ಅವರವೇ. ತೀರ್ಮಾನದಲ್ಲಿ ಪಾಲು ಕೊಡದೆ ತ್ಯಾಗದಲ್ಲಿ ಮಾತ್ರ ಪಾಲು ಕೇಳುವವರು ಆ ಕಥೆಯನ್ನು ಉದಾಹರಿಸುವ ಹಕ್ಕು ಕಳೆದುಕೊಳ್ಳುತ್ತಾರೆ.

ನಿಮ್ಮ ಮನೆಯಲ್ಲೂ ನಾಳೆ ಒಬ್ಬ ಮಗಳು ಇಂಥ ಶಾಲೆಗೆ ಹೊರಡಬಹುದು. ಸೀಲಂಪುರಕ್ಕೋ ನೂಹ್‌ಗೋ, ಇಲ್ಲೇ ಯಾದಗಿರಿಗೋ. ಆಗ ‘ಎಷ್ಟು ವರ್ಷ?’ ಎಂದು ಮೊದಲು ಕೇಳಬೇಡಿ, ಹಾರವನ್ನೂ ತರಬೇಡಿ. ತಿಂಗಳ ಎಷ್ಟನೇ ತಾರೀಕಿಗೆ ಸಂಬಳ ಬರುತ್ತದೆ, ಅಲ್ಲಿ ನಿನ್ನ ಜೊತೆ ಎಷ್ಟು ಜನ ಇರುತ್ತಾರೆ, ಈ ಎರಡನ್ನು ಕೇಳಿ. ಉತ್ತರ ಸರಿಯಾಗಿದ್ದರೆ ರೈಲು ಹತ್ತಿಸಿ ಬನ್ನಿ.